ಕ್ರಿಸ್‌ಮಸ್ ಪದಬಂಧ ಮತ್ತು ಹಬ್ಬದ ಪದವಿನೋದ

ಇಂಗ್ಲಿಷ್ ಪತ್ರಿಕೆಗಳ, ಅದರಲ್ಲೂ ಬ್ರಿಟನ್ನಿನ ಪತ್ರಿಕೆಗಳ, ಡಿಸೆಂಬರ್ ಕೊನೆಯ ವಾರದ ಸಂಚಿಕೆಗಳಲ್ಲಿ ಮಾಮೂಲಿಗಿಂತ ದೊಡ್ಡದಾದ ಪದಬಂಧವೊಂದು ಇದ್ದೇ ಇರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಇದು ಒಬ್ಬಂಟಿಯ ಆಟ. ರೈಲಿನಲ್ಲೋ ಊಟದ ಬಿಡುವಿನಲ್ಲೋ ಪೆನ್ಸಿಲ್ ಹಿಡಿದು ಕೂತರೆ ಸಾಕು. ಕ್ರಿಸ್‌ಮಸ್ ರಜೆಯಲ್ಲಿ ಮಾತ್ರ ಅದು ಮನೆಮಂದಿಯೆಲ್ಲರ ಕೈಗೆ ಬರುತ್ತದೆ. ಒಬ್ಬರಿಗೆ ಬೈಬಲ್ ಗೊತ್ತು, ಇನ್ನೊಬ್ಬರಿಗೆ ಅಡುಗೆ ಗೊತ್ತು, ಮಕ್ಕಳಿಗೆ ಸಾಂತಾನ ಹಿಮಸಾರಂಗಗಳ ಹೆಸರೆಲ್ಲ ಬಾಯಿಪಾಠ. ಹಬ್ಬದ ಪದಬಂಧ, ಅದರ ಗೂಢ ಸುಳಿವು, ಅಕ್ಷರಪಲ್ಲಟ, ಶ್ಲೇಷೆ, ಊಟದ ಮೇಜಿನ ಮೇಲೆ ಸಿಡಿಯುವ ‘ಕ್ರ್ಯಾಕರ್’ನೊಳಗಿನ ನಗೆಚೀಟಿ, ಇವೆಲ್ಲ ಒಂದೇ ಪರಂಪರೆಯ ಮಕ್ಕಳು. ಪದಬಂಧ ಹುಟ್ಟಿದ್ದೂ ಕ್ರಿಸ್‌ಮಸ್ ವಾರದಲ್ಲೇ.

ಪದಬಂಧಕ್ಕೂ ಮೊದಲು

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಡಿಸೆಂಬರ್ ಎಂದರೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಹೊರಗೆ ಚಳಿ, ಒಳಗೆ ಬೆಂಕಿಗೂಡಿನ ಸುತ್ತ ನೆಂಟರಿಷ್ಟರು. ಹೊತ್ತು ಹೋಗಬೇಕಾದರೆ ಮಾತಿನ ಆಟಗಳೇ ಬೇಕು. ‘ಷರಾಡ್’ ಅವುಗಳಲ್ಲಿ ಮುಖ್ಯವಾದದ್ದು. ಒಂದು ಪದವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಇಡೀ ಪದಕ್ಕೂ ಒಗಟಿನ ರೂಪದಲ್ಲಿ ಸುಳಿವು ಕೊಡುವುದು ಅದರ ಕ್ರಮ. 1815ರ ಡಿಸೆಂಬರಿನಲ್ಲಿ ಹೊರಬಂದ ಜೇನ್ ಆಸ್ಟಿನ್ ಅವರ ‘ಎಮ್ಮಾ’ ಕಾದಂಬರಿಯಲ್ಲಿ ಪಾದ್ರಿ ಎಲ್ಟನ್ ತಂದೊಪ್ಪಿಸುವ ಷರಾಡಿನ ಉತ್ತರ ‘ಕೋರ್ಟ್‌ಶಿಪ್’. ಅರಸರ ‘ಕೋರ್ಟ್’, ಕಡಲಿನ ‘ಶಿಪ್’, ಎರಡೂ ಸೇರಿದರೆ ಪ್ರಣಯಯಾಚನೆ. ಜಾಣೆ ಎಮ್ಮಾ ಉತ್ತರವನ್ನು ಕೂಡಲೇ ಹಿಡಿಯುತ್ತಾಳೆ, ಆದರೆ ಅದು ಯಾರಿಗಾಗಿ ಬರೆದದ್ದು ಎಂಬುದನ್ನು ತಪ್ಪಾಗಿ ಊಹಿಸುತ್ತಾಳೆ. ಕಥೆಯ ಎಷ್ಟೋ ಗೊಂದಲ ಅಲ್ಲಿಂದ ಬೆಳೆಯುತ್ತದೆ. ಪದವನ್ನು ತುಂಡುಗಳಿಂದ ಕಟ್ಟುವ ಪದಬಂಧದ ಸುಳಿವಿಗೆ ಇಂದಿಗೂ ಷರಾಡ್ ಎಂದೇ ಹೆಸರು.

1843ರ ಡಿಸೆಂಬರಿನಲ್ಲಿ ಬಂದ ಚಾರ್ಲ್ಸ್ ಡಿಕನ್ಸರ ‘ಎ ಕ್ರಿಸ್‌ಮಸ್ ಕ್ಯಾರಲ್’ನಲ್ಲೂ ಇಂಥ ಆಟವಿದೆ. ಸ್ಕ್ರೂಜನ ಸೋದರಳಿಯ ಫ್ರೆಡ್ ಮನಸ್ಸಿನಲ್ಲೇ ಒಂದನ್ನು ನೆನೆಯುತ್ತಾನೆ. ಅತಿಥಿಗಳು ಪ್ರಶ್ನೆ ಕೇಳಬೇಕು, ಅವನು ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕು. ಗುರುಗುಟ್ಟುವ ಆ ಲಂಡನ್ ಪ್ರಾಣಿ ಯಾವುದೆಂದು ಕೊನೆಗೆ ಗೊತ್ತಾಗುತ್ತದೆ: ಸ್ಕ್ರೂಜ್ ಮಾವನೇ. ಕ್ರಿಸ್‌ಮಸ್‌ನ ಹನ್ನೆರಡು ದಿನಗಳ ಉಡುಗೊರೆಗಳನ್ನು ಎಣಿಸುವ ಪ್ರಸಿದ್ಧ ಹಾಡು ಕೂಡ ಮೊದಲು ನೆನಪಿನ ಶಕ್ತಿಯ ಆಟವೇ ಆಗಿತ್ತು. 1780ರ ಸುಮಾರಿಗೆ ಮಕ್ಕಳ ಪುಸ್ತಕವೊಂದರಲ್ಲಿ ಅದು ಅಚ್ಚಾಯಿತು. ಸಾಲು ಮರೆತವರು ದಂಡ ತೆರಬೇಕಾಗಿತ್ತು. ಹಾಡಿನಲ್ಲಿ ಹೇಳಿದಂತೆ ಪ್ರತಿದಿನ ಹಿಂದಿನ ದಿನಗಳ ಉಡುಗೊರೆಯನ್ನೂ ಮತ್ತೆ ಸೇರಿಸಿ ಕೊಡುತ್ತ ಹೋದರೆ ಒಟ್ಟು 364 ಆಗುತ್ತದೆ. ವರ್ಷದ ದಿನಗಳಿಗಿಂತ ಒಂದೇ ಕಡಿಮೆ. ಈ ಲೆಕ್ಕ ಒಗಟು ಕಟ್ಟುವವರ ಕೈಬಿಟ್ಟು ಹೋಗಿಲ್ಲ.

ಈ ಕಾಲದ ಎಲ್ಲ ಆಟಗಳಲ್ಲಿ ಕ್ರಿಸ್‌ಮಸ್‌ಗೆ ತೀರ ಹತ್ತಿರವಾದದ್ದು ಲೂಯಿಸ್ ಕ್ಯಾರಲ್ ರಚಿಸಿದ ‘ಡಬ್ಲೆಟ್ಸ್’. 1877ರ ಕ್ರಿಸ್‌ಮಸ್ ದಿನ ಮಾಡಲು ಏನೂ ಕೆಲಸವಿಲ್ಲವೆಂದು ಬೇಸರಪಟ್ಟ ಇಬ್ಬರು ಹುಡುಗಿಯರಿಗಾಗಿ ಇದನ್ನು ಹೊಸೆದೆನೆಂದು ಅವರೇ ದಾಖಲಿಸಿದ್ದಾರೆ. 1879ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆ ಅದನ್ನು ಪ್ರಕಟಿಸಿತು. ಸಮನಾದ ಅಕ್ಷರಗಳಿರುವ ಎರಡು ಪದಗಳನ್ನು ಕೊಡುತ್ತಾರೆ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸಿ, ಪ್ರತಿ ಹಂತದಲ್ಲೂ ಅರ್ಥವಿರುವ ಪದವೇ ಬರುವಂತೆ ಮೊದಲನೆಯದರಿಂದ ಎರಡನೆಯದಕ್ಕೆ ತಲುಪಬೇಕು. ಕ್ಯಾರಲ್ ‘ಹೆಡ್’ ಅನ್ನು ‘ಟೇಲ್’ ಮಾಡಿ ತೋರಿಸಿದ್ದರು: ಹೆಡ್, ಹೀಲ್, ಟೀಲ್, ಟೆಲ್, ಟಾಲ್, ಟೇಲ್. ಚಳಿಗಾಲಕ್ಕೆ ಒಪ್ಪುವ ಇನ್ನೊಂದು ಸರಪಳಿಯೂ ಉಂಟು. ‘ಕೋಲ್ಡ್’ ಅನ್ನುವುದು ‘ಕಾರ್ಡ್’, ಅಂದರೆ ದಾರ, ಆಗುತ್ತದೆ. ಅದು ಶುಭಾಶಯದ ‘ಕಾರ್ಡ್’ ಆಗುತ್ತದೆ. ಅಲ್ಲಿಂದ ‘ವಾರ್ಡ್’ ದಾಟಿ ‘ವಾರ್ಮ್’. ನಾಲ್ಕೇ ಹೆಜ್ಜೆಯಲ್ಲಿ ಚಳಿ ಹೋಗಿ ಬೆಚ್ಚಗೆ. ಹಬ್ಬದ ಮಧ್ಯಾಹ್ನಕ್ಕೆ ಇಷ್ಟು ಸರಳವಾದ, ಇಷ್ಟು ಸೊಗಸಾದ ಆಟ ಇನ್ನೊಂದು ಸಿಗುವುದು ಕಷ್ಟ.

1913ರ ಡಿಸೆಂಬರ್ 21

ಪದಬಂಧದ ಜನ್ಮದಿನಾಂಕ ಖಚಿತವಾಗಿ ಗೊತ್ತಿದೆ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಆರ್ಥರ್ ವಿನ್, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ‘ಫನ್’ ಎಂಬ ಭಾನುವಾರದ ಪುರವಣಿಯನ್ನು ನೋಡಿಕೊಳ್ಳುತ್ತಿದ್ದರು. ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ, 1913ರ ಡಿಸೆಂಬರ್ 21ರ ಸಂಚಿಕೆಗೆ ಅವರು ಹೊಸದೊಂದು ಒಗಟನ್ನು ಕೊಟ್ಟರು. ಚೌಕವಲ್ಲ, ವಜ್ರದ ಆಕಾರ, ನಡುವೆ ಖಾಲಿ. ಕಪ್ಪು ಮನೆಗಳಿಲ್ಲ. ಮೇಲ್ತುದಿಯಲ್ಲಿ ‘ಫನ್’ ಎಂಬ ಪದವನ್ನು ಮೊದಲೇ ತುಂಬಿ ಕೊಟ್ಟಿದ್ದರು. ಹೆಸರು ‘ವರ್ಡ್-ಕ್ರಾಸ್’. ಕೆಲವು ವಾರಗಳ ನಂತರ ಅಚ್ಚಿನ ಮನೆಯ ತಪ್ಪಿನಿಂದ ಹೆಸರು ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು. ಅದೇ ಉಳಿಯಿತು.

ಕ್ರಿಸ್‌ಮಸ್ ವಾರದ ಆ ಪದಬಂಧದ ಸುಳಿವುಗಳಲ್ಲಿ ಕ್ರಿಸ್‌ಮಸ್ಸಿನ ಮಾತು ಬರುವುದಿಲ್ಲ. ಅಗ್ಗದ ಬೆಲೆ ಹುಡುಕುವವರಿಗೆ ಇಷ್ಟವಾದದ್ದು ಎಂಬುದಕ್ಕೆ ‘ಸೇಲ್ಸ್’, ರಷ್ಯಾದ ನದಿಗೆ ‘ನೇವಾ’, ಗೊಮುಟಿ ಎಂಬ ತಾಳೆಮರದ ನಾರಿಗೆ ‘ಡೋ’. ‘ಡವ್’ ಎಂಬ ಉತ್ತರ ಎರಡು ಸಲ ಬಂದಿದೆ. ಇಂದಿನ ಸಂಪಾದಕರು ಇಂಥ ಪುನರಾವರ್ತನೆಯನ್ನು ಒಪ್ಪಲಾರರು. ಆದರೂ ಓದುಗರಿಗೆ ಅದು ಹಿಡಿಸಿತು. 1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಎಂಬ ಹೊಸ ಪ್ರಕಾಶನ ಸಂಸ್ಥೆ ಪೆನ್ಸಿಲ್ ಸಮೇತ ಮೊದಲ ಪದಬಂಧ ಪುಸ್ತಕವನ್ನು ಮಾರಿತು. ಅಮೆರಿಕಕ್ಕೆ ಪದಬಂಧದ ಹುಚ್ಚು ಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ‘ಸಂಡೇ ಎಕ್ಸ್‌ಪ್ರೆಸ್’ ಅದನ್ನು ಬ್ರಿಟಿಷ್ ಓದುಗರ ಮುಂದಿಟ್ಟಿತು.

ಗೂಢ ಸುಳಿವು

ಅಮೆರಿಕದ ಸುಳಿವು ಸಾಮಾನ್ಯವಾಗಿ ಪದದ ಅರ್ಥವನ್ನು ಹೇಳುತ್ತದೆ. ಬ್ರಿಟನ್ನಿನವರು ಅದಕ್ಕೆ ಬೇರೆಯೇ ಜೀವ ಕೊಟ್ಟರು. ಕವಿ, ಅನುವಾದಕ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ‘ಟಾರ್ಕೆಮಾಡಾ’ ಎಂಬ ಗುಪ್ತನಾಮದಲ್ಲಿ 1926ರಿಂದ 1939ರಲ್ಲಿ ಸಾಯುವವರೆಗೆ ‘ಅಬ್ಸರ್ವರ್’ ಪತ್ರಿಕೆಗೆ ಪೂರ್ತಿ ಗೂಢ ಸುಳಿವುಗಳ ಪದಬಂಧ ಕಟ್ಟಿದರು. ಟಾರ್ಕೆಮಾಡಾ ಸ್ಪೇನಿನ ಮತವಿಚಾರಣೆಯ ಕ್ರೂರ ಅಧಿಕಾರಿ. ನಂತರ ಬಂದ ಡೆರಿಕ್ ಮ್ಯಾಕ್‌ನಟ್ ಅವರೂ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರನ್ನು, ‘ಕ್ಸಿಮೆನೆಸ್’ ಎಂಬುದನ್ನು, ಇಟ್ಟುಕೊಂಡರು. ‘ಟೈಮ್ಸ್’ ಪತ್ರಿಕೆ 1930ರ ಫೆಬ್ರವರಿ 1ರಂದು ತನ್ನ ಪದಬಂಧ ಆರಂಭಿಸಿತು. ಕ್ಸಿಮೆನೆಸ್ 1966ರಲ್ಲಿ ಬರೆದ ಕೈಪಿಡಿ ಸುಳಿವಿನ ನ್ಯಾಯವನ್ನು ನಿಗದಿ ಮಾಡಿತು. ಒಂದು ಸುಳಿವಿನಲ್ಲಿ ಎರಡು ಭಾಗ ಇರಬೇಕು: ಒಂದು ಉತ್ತರದ ನಿಖರವಾದ ಅರ್ಥ, ಇನ್ನೊಂದು ಅದರ ಅಕ್ಷರಗಳನ್ನು ಕಟ್ಟಿಕೊಡುವ ಆಟ. ಇವೆರಡಲ್ಲದೆ ಒಂದು ಮಾತೂ ಹೆಚ್ಚಿರಕೂಡದು. ರಚಿಸಿದವರು ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ. ಬಿಡಿಸಿದವರಿಗೆ ಕೊನೆಯಲ್ಲಿ ‘ಅಯ್ಯೋ, ಕಣ್ಣೆದುರೇ ಇತ್ತಲ್ಲ’ ಅನ್ನಿಸಬೇಕೇ ಹೊರತು ಮೋಸಹೋದೆ ಅನ್ನಿಸಬಾರದು.

ಕ್ರಿಸ್‌ಮಸ್ಸಿನ ಪದಗಳು ಈ ಆಟಕ್ಕೆ ಹೇಳಿ ಮಾಡಿಸಿದಂತಿವೆ. ಹೆಚ್ಚಿನವು ಚಿಕ್ಕವು, ಎಲ್ಲರಿಗೂ ಗೊತ್ತಿರುವವು, ಒಳಗೆ ಇನ್ನೊಂದು ಪದವನ್ನು ಬಚ್ಚಿಟ್ಟುಕೊಂಡವು. ಅಕ್ಷರಪಲ್ಲಟವನ್ನೇ ನೋಡಬಹುದು. ‘ಸೈಲೆಂಟ್’ ಎಂಬುದರ ಆರು ಅಕ್ಷರಗಳನ್ನು ಕಲಕಿದರೆ ಮರಕ್ಕೆ ಸುತ್ತುವ ಮಿರುಗು ದಾರ ‘ಟಿನ್ಸೆಲ್’ ಬರುತ್ತದೆ. ಅದೇ ಅಕ್ಷರಗಳಲ್ಲಿ ‘ಲಿಸನ್’ ಕೂಡ ಇದೆ. ‘ಜರ್ಮನ್’ ಚದುರಿದರೆ ‘ಮೇಂಜರ್’, ಅಂದರೆ ಗೋದಲಿ. ಜರ್ಮನಿಯ ಕ್ರಿಸ್‌ಮಸ್ ಸಂತೆಗಳು ಜಗತ್ಪ್ರಸಿದ್ಧವಾದ್ದರಿಂದ ಆ ಪದ ಸುಳಿವಿನಲ್ಲಿ ಕೂತರೆ ಯಾರಿಗೂ ಅನುಮಾನ ಬಾರದು. ಕುರಿಗಳ ಅರಚಾಟ, ‘ಬ್ಲೀಟ್ಸ್’, ಕಲಕಿಹೋದರೆ ‘ಸ್ಟೇಬಲ್’, ಅಂದರೆ ಕೊಟ್ಟಿಗೆ. ‘ವ್ಯಾನಿಟಿ’ಗೆ ‘ಇಟ್’ ಸೇರಿಸಿ ಬೆರೆಸಿದರೆ ‘ನೇಟಿವಿಟಿ’, ಯೇಸುವಿನ ಜನನ. ಸಾಂತಾ ಮತ್ತು ಸೈತಾನ ಇಂಗ್ಲಿಷಿನಲ್ಲಿ ಒಂದೇ ಐದು ಅಕ್ಷರಗಳ ಎರಡು ವೇಷ ಎಂಬುದು ಮಕ್ಕಳಿಗೂ ಗೊತ್ತಿರುವ ಗುಟ್ಟು. ಹಾಗಾಗಿ ಅದು ಈಗ ಹಳಸಿದ ಸುಳಿವು.

ತುಂಡು ಸೇರಿಸುವ ಷರಾಡಿಗೆ ‘ಫ್ರಾಂಕಿನ್ಸೆನ್ಸ್’ ಸಮನಾದದ್ದಿಲ್ಲ. ಮೂಡಣ ದೇಶದ ಜ್ಞಾನಿಗಳು ಶಿಶು ಯೇಸುವಿಗೆ ತಂದ ಧೂಪ ಅದು. ‘ಫ್ರಾಂಕ್’ ಎಂದರೆ ಬಿಚ್ಚುಮಾತಿನ, ‘ಇನ್ಸೆನ್ಸ್’ ಎಂದರೆ ಸಿಟ್ಟಿಗೆಬ್ಬಿಸು. ‘ನೇರವಾಗಿ ಮಾತಾಡಿ ಕೆರಳಿಸುವ ಕಾಣಿಕೆ’ ಎಂದು ಸುಳಿವು ಕಟ್ಟಿದರೆ ಹಬ್ಬದ ಮನೆಯ ಜಗಳವೊಂದು ಕಣ್ಣಿಗೆ ಕಟ್ಟುತ್ತದೆ, ಉತ್ತರ ಮಾತ್ರ ಧೂಪದ ಪೆಟ್ಟಿಗೆಯಲ್ಲಿ ಅಡಗಿರುತ್ತದೆ. ಐವಿ ಬಳ್ಳಿ ರೋಮನ್ ಅಂಕಿ ನಾಲ್ಕರ ನಂತರ ‘ವೈ’ ಅಕ್ಷರ ಇಟ್ಟರೆ ಮೂಡುತ್ತದೆ. ಅದರ ಜೊತೆಗಾತಿ ‘ಹಾಲಿ’ ಎಂಬ ಮುಳ್ಳೆಲೆ ಗಿಡ, ಪವಿತ್ರವೆಂಬ ಅರ್ಥದ ‘ಹೋಲಿ’ಯೊಳಗೆ ಒಂದು ‘ಎಲ್’ ಹೊಕ್ಕರೆ ಆಗುತ್ತದೆ. ಕೆಂಪೆದೆಯ ‘ರಾಬಿನ್’ ಹಕ್ಕಿ ಕ್ರಿಸ್‌ಮಸ್ ಕಾರ್ಡಿಗೆ ಬಂದದ್ದಕ್ಕೂ ಒಂದು ಕಾರಣವಿದೆ. ವಿಕ್ಟೋರಿಯಾ ರಾಣಿಯ ಕಾಲದ ಅಂಚೆಯವರ ಕೋಟು ಕೆಂಪು, ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು. ಪದಬಂಧದವರಿಗೆ ಆ ಹಕ್ಕಿ ‘ರಾಬ್’ ಮತ್ತು ‘ಇನ್’, ಒಳಹೊಕ್ಕ ಕಳ್ಳತನ.

ಬಚ್ಚಿಟ್ಟ ಪದಗಳೂ ಇವೆ. ‘ಇಮ್ಯಾಜಿನ್’ ಎಂಬುದರ ಮೊದಲ ಅಕ್ಷರವನ್ನೂ ಕೊನೆಯ ಎರಡನ್ನೂ ಬಿಟ್ಟರೆ ‘ಮೇಜೈ’, ಅಂದರೆ ಆ ಜ್ಞಾನಿಗಳು, ಒಳಗಿಂದ ಹೊರಬರುತ್ತಾರೆ. ನಕ್ಷತ್ರ, ‘ಸ್ಟಾರ್’, ಹಿಂದಿನಿಂದ ಓದಿದರೆ ಇಲಿಗಳ ಹಿಂಡು. ಒಂದೇ ಪದಕ್ಕೆ ಎರಡು ಅರ್ಥ ಕೊಟ್ಟು ಸುಮ್ಮನಾಗುವುದು ಇನ್ನೊಂದು ಬಗೆ: ‘ಟರ್ಕಿ’ ದೇಶವೂ ಹೌದು, ಹಬ್ಬದೂಟದ ಕೋಳಿಯೂ ಹೌದು, ‘ಪ್ರೆಸೆಂಟ್’ ಉಡುಗೊರೆ, ವರ್ತಮಾನ, ಹಾಜರು, ಮೂರೂ ಹೌದು. ಕೇಳಲು ಒಂದೇ ರೀತಿ ಇರುವ ಪದಗಳ ಗುಂಪಿನಲ್ಲಿ ಸಾಂತಾನ ಹಿಮಬಂಡಿ ‘ಸ್ಲೇ’ ಮತ್ತು ಕೊಲ್ಲು ಎಂಬ ಅರ್ಥದ ‘ಸ್ಲೇ’ ಹಳೆಯ ಜೋಡಿ. ಇಂಗ್ಲಿಷಿನಲ್ಲಿ ಬರವಣಿಗೆ ಬೇರೆ ಬೇರೆ, ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ಎರಡೂ ಒಂದಾಗಿ ಗುಟ್ಟು ರಟ್ಟಾಗುತ್ತದೆ.

ಈ ಎಲ್ಲವನ್ನೂ ಮೀರಿಸುವ ಒಂದು ಸುಳಿವು ಇದೆ. ಅದರಲ್ಲಿ ಒಂದೂ ಪದವಿಲ್ಲ. ಇಂಗ್ಲಿಷ್ ವರ್ಣಮಾಲೆಯನ್ನು ಎ, ಬಿ, ಸಿ ಎಂದು ಸಾಲಾಗಿ ಬರೆದಿರುತ್ತದೆ, ಕೊನೆಯಲ್ಲಿ ಆವರಣದೊಳಗೆ 4 ಎಂಬ ಅಂಕಿ. ಮೊದಲ ನೋಟಕ್ಕೆ ಅಚ್ಚಿನ ತಪ್ಪು ಅನ್ನಿಸುತ್ತದೆ. ಎಣಿಸಿದರೆ ಇಪ್ಪತ್ತಾರರ ಬದಲು ಇಪ್ಪತ್ತೈದೇ ಅಕ್ಷರ. ಒಂದೊಂದನ್ನೇ ಬೆರಳಿಟ್ಟು ನೋಡುತ್ತ ಹೋದರೆ ‘ಕೆ’ ಆದ ಮೇಲೆ ನೇರವಾಗಿ ‘ಎಂ’. ನಡುವೆ ‘ಎಲ್’ ಇಲ್ಲ. ‘ನೋ ಎಲ್’. ಉತ್ತರ: ‘ನೋಎಲ್’, ಫ್ರೆಂಚಿನಿಂದ ಬಂದ, ಕ್ರಿಸ್‌ಮಸ್ ಎಂದೇ ಅರ್ಥವಿರುವ ಪದ. ಈ ಸುಳಿವನ್ನು ಎಷ್ಟೋ ಪೀಳಿಗೆಯ ಪದಬಂಧಪ್ರಿಯರು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದಿದ್ದಾರೆ. ಇದರಲ್ಲಿ ಅರ್ಥವಿವರಣೆಯ ಭಾಗವೇ ಇಲ್ಲದಿರುವುದರಿಂದ ಕ್ಸಿಮೆನೆಸ್‌ನ ನಿಯಮಕ್ಕೆ ಇದು ಕಟ್ಟುಬಿದ್ದಿಲ್ಲ. ಆದರೂ ಇದಕ್ಕಿಂತ ಪ್ರಾಮಾಣಿಕವಾದ ಸುಳಿವು ಸಿಗುವುದು ವಿರಳ. ಎಲ್ಲವೂ ಕಣ್ಣೆದುರಿಗೇ ಇದೆ, ಇಲ್ಲದ ಒಂದನ್ನು ಕಾಣಬೇಕು ಅಷ್ಟೇ. ಅದೇ ಪದವನ್ನು ತಿರುಗಿಸಿದರೆ ‘ಲಿಯಾನ್’ ಎಂಬ ಹೆಸರಾಗುತ್ತದೆ. ಹಾಗಾಗಿ ‘ನೋಎಲ್ ಸೀಸ್ ಲಿಯಾನ್’ ಎಂಬ ವಾಕ್ಯ ಎರಡು ಕಡೆಯಿಂದ ಓದಿದರೂ ಒಂದೇ.

ಅರೌಕೇರಿಯಾ

ಹಬ್ಬದ ಪದಬಂಧಕ್ಕೆ ಒಬ್ಬರನ್ನು ಹೆಸರಿಸಬೇಕೆಂದರೆ ಬ್ರಿಟನ್ನಿನ ಹೆಚ್ಚಿನವರು ಜಾನ್ ಗ್ರಹಾಂ (1921–2013) ಅವರ ಹೆಸರನ್ನೇ ಹೇಳುತ್ತಾರೆ. ಅವರು ಆಂಗ್ಲಿಕನ್ ಚರ್ಚಿನ ಪಾದ್ರಿ. 1958ರಿಂದ ‘ಗಾರ್ಡಿಯನ್’ ಪತ್ರಿಕೆಗೆ ಪದಬಂಧ ಕಟ್ಟಿದರು. 1970ರಲ್ಲಿ ಆ ಪತ್ರಿಕೆ ರಚನಕಾರರಿಗೆ ಗುಪ್ತನಾಮ ಕೊಟ್ಟಾಗ ‘ಅರೌಕೇರಿಯಾ’ ಎಂದು ಕರೆದುಕೊಂಡರು. ಕೋತಿಗೂ ಹತ್ತಲು ಒಗಟಾಗುವ ಮರ ಎಂಬ ಅರ್ಥದ ‘ಮಂಕಿ ಪಜಲ್’ ಎಂಬ ಹೆಸರಿನಿಂದ ಇಂಗ್ಲೆಂಡಿನಲ್ಲಿ ಕರೆಯುವ ಮರದ ಸಸ್ಯಶಾಸ್ತ್ರೀಯ ಹೆಸರು ಅದು. ಈಸ್ಟರ್, ಕ್ರಿಸ್‌ಮಸ್ ಮುಂತಾದ ರಜೆಗಳಿಗೆ ಅವರು ಕಟ್ಟುತ್ತಿದ್ದ ದೊಡ್ಡ ಪದಬಂಧಗಳಿಗೆ ಓದುಗರು ಕಾದು ಕೂರುತ್ತಿದ್ದರು. ಸುಳಿವುಗಳನ್ನು ಅಂಕಿಯ ಬದಲು ಅಕಾರಾದಿಯಾಗಿ ಕೊಟ್ಟು, ಯಾವ ಉತ್ತರ ಯಾವ ಮನೆಗೆ ಎಂಬುದನ್ನು ಬಿಡಿಸುವವರೇ ಹೊಂದಿಸಿಕೊಳ್ಳಬೇಕಾದ ಬಗೆಯನ್ನು ರೂಪಿಸಿದವರು ಅವರೇ.

ಅವರ ಕ್ರಿಸ್‌ಮಸ್ ಸುಳಿವುಗಳಲ್ಲಿ ಒಂದು ದಂತಕಥೆಯಾಗಿದೆ. ಕುರುಬರು ರಾತ್ರಿ ಮಂದೆ ಕಾಯುತ್ತಿದ್ದಾಗ ದೇವದೂತ ಬಂದ ಸಂಗತಿಯನ್ನು ಹೇಳುವ, ನೇಹಮ್ ಟೇಟ್ ಬರೆದದ್ದೆನ್ನುವ ಪ್ರಸಿದ್ಧ ಕ್ರಿಸ್‌ಮಸ್ ಗೀತೆಯೊಂದಿದೆ. ಅದರ ಮೊದಲೆರಡು ಸಾಲುಗಳಲ್ಲಿ ಒಟ್ಟು 59 ಅಕ್ಷರಗಳಿವೆ. ಅರೌಕೇರಿಯಾ ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ, ಆ 59 ಅಕ್ಷರಗಳನ್ನು ಬೇರೆ ಕ್ರಮದಲ್ಲಿಟ್ಟು ಹೊಸ ವಾಕ್ಯ ಕಟ್ಟಿದರು. ಆ ವಾಕ್ಯವೂ ಕ್ರಿಸ್‌ಮಸ್ಸಿನದೇ: ದೇವದೂತರು ಹಾಡುವುದನ್ನು ಕೇಳಿ ಎನ್ನುತ್ತದೆ, ಮಗುವೊಂದು ಕೆಳಗಿಳಿದು ಬಂದು ಲೋಕವನ್ನು ಮೇಲೆತ್ತಿದ್ದನ್ನು ಹೇಳುತ್ತದೆ, ಜೊತೆಗೆ ಇನ್ನೊಂದು ಹೆಸರಾಂತ ಗೀತೆಯ ಆರಂಭವನ್ನು ಒಳಗೆ ಸೇರಿಸಿಕೊಂಡಿದೆ. ಉದ್ದದ ಅಕ್ಷರಪಲ್ಲಟ ಕಟ್ಟುವುದು ಅಂಥ ದೊಡ್ಡ ಸಾಹಸವಲ್ಲ. ಅಕ್ಷರ ಹೆಚ್ಚಾದಷ್ಟೂ ದಾರಿಗಳೂ ಹೆಚ್ಚು, ಅರ್ಥವಿಲ್ಲದ ಕಲಸುಮೇಲೋಗರ ಯಾರು ಬೇಕಾದರೂ ಮಾಡಬಹುದು. ಗೀತೆಯೊಂದನ್ನು ಕೆಡವಿ ಅದೇ ಕಲ್ಲುಗಳಿಂದ ಅದೇ ಸಂದೇಶದ ಮತ್ತೊಂದು ಗೀತೆ ಕಟ್ಟುವುದು ಅಪರೂಪ. ಪಾದ್ರಿಯೊಬ್ಬರ ನಂಬಿಕೆಯೂ ಕಸಬುದಾರನ ಲೆಕ್ಕಾಚಾರವೂ ಅಲ್ಲಿ ಒಂದಾಗಿವೆ.

2013ರ ಜನವರಿಯಲ್ಲಿ ‘ಗಾರ್ಡಿಯನ್’ ಓದುಗರು ಅವರ ಪದಬಂಧವೊಂದನ್ನು ಬಿಡಿಸುತ್ತ ಹೋದಂತೆ ಉತ್ತರಗಳು ಒಂದು ಸುದ್ದಿಯನ್ನು ಹೇಳತೊಡಗಿದವು. ರಚನಕಾರರಿಗೆ ಅನ್ನನಾಳದ ಕ್ಯಾನ್ಸರ್. ತಮ್ಮ ಕಾಯಿಲೆಯನ್ನು ಅವರು ಓದುಗರಿಗೆ ತಿಳಿಸಿದ್ದು ಸುಳಿವುಗಳ ಮೂಲಕ. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು.

ಅಮೆರಿಕದ ರೀತಿ, ಕ್ರ್ಯಾಕರ್ ಮತ್ತು ಇತರ ಆಟ

ಅಮೆರಿಕದ ದೈನಂದಿನ ಪದಬಂಧದಲ್ಲಿ ಪ್ರತಿ ಅಕ್ಷರವೂ ಅಡ್ಡವಾಗಿಯೂ ಉದ್ದವಾಗಿಯೂ ಒಂದೊಂದು ಪದಕ್ಕೆ ಸೇರಿರಬೇಕು. ಬ್ರಿಟಿಷ್ ಚೌಕದಲ್ಲಿ ಸುಮಾರು ಅರ್ಧದಷ್ಟು ಅಕ್ಷರಗಳಿಗೆ ಮಾತ್ರ ಆ ಆಸರೆ. ಆದ್ದರಿಂದ ಅಮೆರಿಕದವರ ಚಮತ್ಕಾರ ಸುಳಿವಿಗಿಂತ ಹೆಚ್ಚಾಗಿ ಉತ್ತರಗಳಲ್ಲಿ, ಇಡೀ ಚೌಕವನ್ನು ಹಿಡಿದಿಡುವ ವಿಷಯಸೂತ್ರದಲ್ಲಿ ಕಾಣುತ್ತದೆ. ‘ನೋ ಎಲ್’ ಅನ್ನು ಸೂತ್ರವಾಗಿಟ್ಟುಕೊಂಡು ಎಲ್ಲರಿಗೂ ಗೊತ್ತಿರುವ ಪದಗುಚ್ಛಗಳಿಂದ ‘ಎಲ್’ ಅಕ್ಷರವನ್ನು ಕಿತ್ತು, ಉಳಿದದ್ದಕ್ಕೆ ಹೊಸ ಅರ್ಥ ಹಚ್ಚುವುದು ಅಲ್ಲಿ ಪ್ರಿಯವಾದ ಡಿಸೆಂಬರ್ ಉಪಾಯ. ಕಪ್ಪು ಮನೆಗಳನ್ನೇ ಮರದ ಆಕಾರಕ್ಕೆ ಜೋಡಿಸುವುದು ಇನ್ನೊಂದು. ಆದರೆ ಸಾಂತಾ, ಎಲ್ಫ್, ಹಿಮಸಾರಂಗಗಳನ್ನು ಚೌಕದ ತುಂಬ ಸುರಿದು ವಿಶೇಷಾಂಕ ಎಂದುಬಿಡುವುದೂ ಎರಡೂ ದೇಶಗಳಲ್ಲಿ ಧಾರಾಳವಾಗಿ ನಡೆದಿದೆ. ಅಂಥ ಪದಬಂಧ ಅರ್ಧ ತುಂಬುವ ಹೊತ್ತಿಗೆ ಉಳಿದರ್ಧ ತಾನೇ ಗೊತ್ತಾಗಿಬಿಡುತ್ತದೆ. ಹಬ್ಬದ ಪದ ಉತ್ತರದಲ್ಲಿರುವುದು ಸುಲಭ, ಹಬ್ಬದ ಅರ್ಥವೇ ಉತ್ತರವನ್ನು ಮರೆಮಾಡುವಂತೆ ಮಾಡುವುದು ಕಷ್ಟ. ಒಳ್ಳೆಯ ಕ್ರಿಸ್‌ಮಸ್ ಸುಳಿವನ್ನು ಅಳೆಯಲು ಈ ಒಂದೇ ಮಾನದಂಡ ಸಾಕು.

ಪದಬಂಧ ಮುಟ್ಟದವರಿಗೂ ಹಬ್ಬದ ಶ್ಲೇಷೆ ತಪ್ಪಿದ್ದಲ್ಲ. ಲಂಡನ್ನಿನ ಮಿಠಾಯಿ ತಯಾರಕ ಟಾಮ್ ಸ್ಮಿತ್ 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬಣ್ಣದ ಕಾಗದದಲ್ಲಿ ಸುತ್ತಿದ ಬಾದಾಮಿ ಮಿಠಾಯಿಗಳನ್ನು ಕಂಡು ‘ಕ್ರ್ಯಾಕರ್’ನ ಕಲ್ಪನೆ ಪಡೆದರೆನ್ನುತ್ತಾರೆ. ರಟ್ಟಿನ ಕೊಳವೆಯ ಎರಡು ತುದಿ ಹಿಡಿದು ಇಬ್ಬರು ಎಳೆದರೆ ಚಟ್ಟೆಂದು ಸಿಡಿದು ಒಳಗಿನ ಕಾಗದದ ಕಿರೀಟ, ಪುಟ್ಟ ಆಟಿಕೆ, ಚೀಟಿ ಹೊರಬೀಳುತ್ತವೆ. ಆರಂಭದ ಚೀಟಿಗಳಲ್ಲಿ ಪ್ರೇಮದ ಸಾಲುಗಳಿದ್ದವು, ಕಾಲಕ್ರಮೇಣ ನಗೆಪ್ರಶ್ನೆ ಬಂತು. ಹಿಮದ ಗೊಂಬೆಯನ್ನೂ ರಕ್ತಪಿಶಾಚಿಯನ್ನೂ ಬೆರೆಸಿದರೆ ಏನಾಗುತ್ತದೆ? ‘ಫ್ರಾಸ್ಟ್‌ಬೈಟ್’. ಸಾಂತಾನ ಕುಳ್ಳ ಸಹಾಯಕರು ಶಾಲೆಯಲ್ಲಿ ಏನು ಕಲಿಯುತ್ತಾರೆ? ‘ಎಲ್ಫಬೆಟ್’. ಅವರನ್ನು ವ್ಯಾಕರಣದಲ್ಲಿ ಏನೆನ್ನುತ್ತಾರೆ? ‘ಸಬಾರ್ಡಿನೇಟ್ ಕ್ಲಾಸಸ್’, ಅಂದರೆ ಅಧೀನ ವಾಕ್ಯಗಳು. ಇವು ಜಾಣತನದ ಪ್ರದರ್ಶನಕ್ಕಲ್ಲ. ಎಂಟು ವರ್ಷದ ಮೊಮ್ಮಗಳು ಗಟ್ಟಿಯಾಗಿ ಓದಬೇಕು, ಮೇಜಿನ ಸುತ್ತ ಕೂತವರೆಲ್ಲ ಒಟ್ಟಿಗೆ ‘ಅಯ್ಯೋ’ ಎನ್ನಬೇಕು, ಅದಕ್ಕೆ ತಕ್ಕಷ್ಟೇ ಸರಳವಾಗಿ ಕಟ್ಟಿದವು.

ಗಂಭೀರ ತುದಿಯಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಕಿಂಗ್ ವಿಲಿಯಮ್ಸ್ ಕಾಲೇಜಿನ ಪ್ರಶ್ನೆಪತ್ರಿಕೆ ಇದೆ. 1905ರಿಂದ ನಡೆದುಬಂದ ಇದನ್ನು ‘ಗಾರ್ಡಿಯನ್’ 1951ರಿಂದ ಕ್ರಿಸ್‌ಮಸ್ ಹೊತ್ತಿಗೆ ಪ್ರಕಟಿಸುತ್ತಿದೆ. ಪ್ರತಿ ಗುಂಪಿನ ಪ್ರಶ್ನೆಗಳನ್ನು ಒಂದು ಗುಪ್ತ ಎಳೆ ಹೆಣೆದಿರುತ್ತದೆ, ಅದು ಸಿಕ್ಕರೆ ಉಳಿದದ್ದು ಸಡಿಲವಾಗುತ್ತದೆ. 2015ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂ ನಿರ್ದೇಶಕ ರಾಬರ್ಟ್ ಹ್ಯಾನಿಗನ್ ತಮ್ಮ ಕ್ರಿಸ್‌ಮಸ್ ಕಾರ್ಡಿನಲ್ಲಿ ಅಂಕಿಗಳನ್ನು ನೋಡಿ ಮನೆಗಳಿಗೆ ಕಪ್ಪು ಬಳಿಯುವ ಚೌಕವೊಂದನ್ನು ಅಚ್ಚು ಹಾಕಿಸಿದರು. ಬಳಿದು ಮುಗಿಸಿದರೆ ಕ್ಯೂಆರ್ ಕೋಡ್ ಮೂಡುತ್ತಿತ್ತು, ಅದು ಮುಂದಿನ ಒಗಟಿಗೆ ಕರೆದೊಯ್ಯುತ್ತಿತ್ತು.

ಕನ್ನಡದ ಚೌಕದಲ್ಲಿ

ಭಾರತದಲ್ಲಿ ಇಂಗ್ಲಿಷಿನ ‘ಕ್ರಿಪ್ಟಿಕ್’, ಅಂದರೆ ಗೂಢ ಸುಳಿವಿನ, ಪದಬಂಧಕ್ಕೆ ದೊಡ್ಡ ಬಳಗವಿದೆ. ‘ದಿ ಹಿಂದೂ’ 1970ರ ದಶಕದಿಂದ ಅದನ್ನು ಪ್ರಕಟಿಸುತ್ತಿದೆ, ಬೆಂಗಳೂರಿನಲ್ಲಿ ಅದನ್ನು ನಿತ್ಯ ಬಿಡಿಸುವವರು ಎಷ್ಟೋ ಜನ. ಕನ್ನಡ ಪದಬಂಧಕ್ಕೂ ತನ್ನದೇ ಇತಿಹಾಸವಿದೆ. ಸಾವಿರಾರು ಪದಬಂಧಗಳನ್ನು ರಚಿಸಿದ ಅ. ನಾ. ಪ್ರಹ್ಲಾದ ರಾವ್ ಅಂಥವರು ಅದನ್ನು ಮನೆಮಾತಾಗಿಸಿದರು. ಆದರೆ ಕನ್ನಡದ ಪದಬಂಧ ಬಹುಮಟ್ಟಿಗೆ ನೇರ ಅರ್ಥದ ಸುಳಿವನ್ನೇ ನೆಚ್ಚಿಕೊಂಡಿದೆ. ಇಂಗ್ಲಿಷಿನ ಹಬ್ಬದ ಸುಳಿವುಗಳನ್ನು ಅನುವಾದಿಸಿ ತರುವಂತೆಯೂ ಇಲ್ಲ, ಚೌಕದ ಲೆಕ್ಕವೇ ಬೇರೆ. ಇಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ: ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. ‘ಗೋದಲಿ’ಯ ಮೊದಲ ಮನೆಯನ್ನು ದಾಟುವ ಪದದಲ್ಲಿ ‘ಗೋ’ ಎಂಬುದೇ ಇರಬೇಕು, ‘ಗ’ ಅಥವಾ ‘ಗೊ’ ನಡೆಯದು. ಹಬ್ಬದ ಹೆಸರಿಗೂ ಮನೆಗಳ ಲೆಕ್ಕ ನಿಂತಿಲ್ಲ. ‘ಕ್ರಿಸ್ಮಸ್’ ಎಂದು ಒತ್ತು ಕೊಟ್ಟು ಬರೆದರೆ ಮೂರು ಮನೆ, ‘ಕ್ರಿಸ್‌ಮಸ್’ ಎಂದು ಬಿಡಿಸಿ ಬರೆದರೆ ನಾಲ್ಕು.

ಹೀಗಿದ್ದರೂ ಗೂಢ ಸುಳಿವಿಗೆ ಕನ್ನಡ ಒಗ್ಗುವುದಿಲ್ಲ ಎನ್ನುವಂತಿಲ್ಲ. ‘ವಿಕಟಕವಿ’ಯನ್ನು ತಿರುಗಾಮುರುಗಾ ಓದಿ ಬೆಳೆದವರಿಗೆ ಅಕ್ಷರ ತಿರುಗಿಸುವುದು ಹೊಸದಲ್ಲ. ‘ತಿರುಗಿಬಿದ್ದ ಹಿಮವೆಲ್ಲ ನೆಲವೇ (2)’ ಎಂದರೆ ಉತ್ತರ ‘ಮಹಿ’. ‘ತರಲಾರೆ ಎಂದರೂ ಬಾನಲ್ಲಿ ಹೊಳೆದು ದಾರಿ ತೋರಿತು (2)’ ಎಂದರೆ ‘ತಾರೆ’. ತರುವುದಿಲ್ಲ ಎಂಬ ನಿಷೇಧವೂ ಬೆತ್ಲೆಹೇಮಿನ ನಕ್ಷತ್ರವೂ ಒಂದೇ ಪದದಲ್ಲಿವೆ. ‘ಸಂತಸದೊಳಗೆ ಕುಳಿತ ನಿಕೋಲಾಸ್ (2)’ ಎಂದರೆ ‘ಸಂತ’. ಸಾಂತಾ ಕ್ಲಾಸ್ ಎಂಬ ಹೆಸರು ಬಂದದ್ದು ಆ ಸಂತನ ಡಚ್ ಹೆಸರಿನಿಂದಲೇ. ‘ಗೋದಲಿಯ ಹಸುವಿಗೆ ಹಿಂದೆ, ಗೋದಲಿಯ ಯೇಸುವಿಗೆ ಮುಂದೆ (2)’ ಎಂಬುದಕ್ಕೆ ಉತ್ತರ ‘ಬಾಲ’. ಹಸುವಿನ ಬಾಲ, ಬಾಲಯೇಸು. ಇದು ಕನ್ನಡದಲ್ಲಷ್ಟೇ ಸಾಧ್ಯ, ಇಂಗ್ಲಿಷಿಗೆ ಹೋಗಲಾರದು.

ಮಂಗಳೂರಿನ ‘ಕುಸ್ವಾರ್’ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಿಂದ ಹಿಡಿದು ಬೆಂಗಳೂರಿನ ಚರ್ಚುಗಳ ಗೋದಲಿಯವರೆಗೆ ಹಬ್ಬದ ಪದಗಳು ಕರ್ನಾಟಕದಲ್ಲಿ ದಂಡಿಯಾಗಿವೆ, ಶ್ಲೇಷೆಯನ್ನು ಸವಿಯುವ ಓದುಗರೂ ಇದ್ದಾರೆ. ಕನ್ನಡ ಪತ್ರಿಕೆಗಳ ಸಂಪಾದಕರು ಮುಂದಿನ ಡಿಸೆಂಬರ್ 25ರ ಪುರವಣಿಯಲ್ಲಿ ಪೂರ್ತಿ ಗೂಢ ಸುಳಿವುಗಳ ಪದಬಂಧಕ್ಕೆ ಒಂದು ಪುಟ ಬಿಟ್ಟುಕೊಡಬೇಕು.